ಸಕ್ಕರೆ ದ್ವೀಪದ ಸೋದರತ್ತೆ

ಹೋದ ಸೋಮವಾರ ನಾನು ತಾಂಬಾದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಒಂದು ಮನೆ ಬಿಡಲಿಲ್ಲ. ಹಿಟ್ಟಿನ ಗಿರಣಿಯವನಿಗೆ ಕೊಟ್ಟೆ, ಬಸ್ಸಿಗೆ ನಿಂತವರಿಗೆ ಕೊಟ್ಟೆ, ಎರಡು ವರ್ಷದಿಂದ ನನ್ನ ಕೂಡ ಮಾತು ಬಿಟ್ಟ ಎದುರು ಮನೆಯವಳಿಗೂ ಅಂಗೈ ಬಿಡಿಸಿ ಒಂದು ಹಿಡಿ ಹಾಕಿದೆ. ಅವಳಿಗೆ ತಡೆಯಲಾಗಲಿಲ್ಲ. ಮಾತು ಬಿಟ್ಟದ್ದನ್ನು ಮರೆತು ಕೇಳಿಯೇ ಬಿಟ್ಟಳು.

"ಏನಬೇ, ಮತ್ತೊಂದು ಮೊಮ್ಮಗು ಹುಟ್ಟೈತೇನು?"

"ಇಲ್ಲಬೇ. ನಮ್ಮ ಗೌರಿ ಸೋದರತ್ತಿ ರಿಟೈರ್ ಆದ್ಲು."

"ಕೊಲ್ಹಾರದಾಕಿ? ಅಕಿ ಯಾವಾಗ ನೌಕರಿಗೆ ಹೋಗಿದ್ಲು?"

"ಕೊಲ್ಹಾರದಾಕಿ ಅಲ್ಲ. ಮಾರಿಷಸ್‌ದಾಕಿ."

ಅವಳು ಸಕ್ಕರೆ ಬಾಯಿಗೆ ಹಾಕಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಸಿಲು ನನ್ನ ನೆತ್ತಿಗೇರಿದೆ ಎಂದುಕೊಂಡಿರಬೇಕು. ಅವಳ ತಪ್ಪಿಲ್ಲ. ನನ್ನ ಅಳಿಯನಿಗೆ ಇರುವುದು ಒಬ್ಬಳೇ ತಂಗಿ, ಅವಳನ್ನು ಕೊಲ್ಹಾರಕ್ಕೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ನನ್ನ ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಿದವಳು ಬೇರೊಬ್ಬಳು. ಆಕೆ ಸಮುದ್ರದ ನಡುವೆ ಒಂದು ದ್ವೀಪದಲ್ಲಿ ಇದ್ದಾಳೆ.

ಗೌರಿ ನನ್ನ ಮೊಮ್ಮಗಳು. ಆರು ಮುಗಿದು ಏಳರಲ್ಲಿ ಬಿದ್ದಿದ್ದಾಳೆ. ಬಸವನ ಬಾಗೇವಾಡಿಯಲ್ಲಿ ಒಂದನೇ ಇಯತ್ತೆ. ಸೂಟಿ ಸಿಕ್ಕರೆ ಸಾಕು, ಅಪ್ಪನ ಬೆನ್ನು ಹತ್ತಿ ಬಸ್ಸು ಹಿಡಿಸಿಕೊಂಡು ತಾಂಬಾಕ್ಕೆ ಬರುತ್ತಾಳೆ. ಬಂದಳೆಂದರೆ ನನ್ನ ಮನೆಯ ಗೋಡೆಗಳೂ ನಗುತ್ತವೆ. ಅವಳ ಬಗ್ಗೆ ಬರೆಯಲು ಕುಳಿತರೆ ಈ ನೋಟುಬುಕ್ಕು ಸಾಲುವುದಿಲ್ಲ, ಅದಕ್ಕೇ ಕೈಯನ್ನು ಬಿಗಿಹಿಡಿದು ಅವಳ ಅತ್ತೆಯ ಬಗ್ಗೆ ಮಾತ್ರ ಬರೆಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಆಕೆಯ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಫೋನಿನಲ್ಲಿ ಕೇಳಿದ್ದೆ. "ಆ ಹೆಸರು ನಮ್ಮವ್ರು ಇಟ್ಟದ್ದಲ್ಲ ಯಕ್ಕಾ, ನಮ್ಮ ಹಿರ್ಯಾರನ್ನ ಕೊಂಡವ್ರು ಇಟ್ಟದ್ದು. ಬರಿಯೂದಾದ್ರ ಅತ್ತಿ ಅಂತ ಬರಿ" ಎಂದಳು. ಆಕೆಗೆ ಕನ್ನಡ ಬರುವುದಿಲ್ಲ. ಮನೆಮಾತು ಫ್ರೆಂಚಿನಿಂದ ಹುಟ್ಟಿದ ಅಲ್ಲಿಯ ಕ್ರಿಯೋಲ್, ಜೊತೆಗೆ ನೆರೆಮನೆಯ ಭೋಜಪುರಿ ಮಕ್ಕಳ ಕೂಡ ಆಡಿ ಕಲಿತ ಹಿಂದಿ. ನನ್ನದು ಇಂಡಿಯ ಪೇಟೆಯಲ್ಲಿ ನಿಂಬೆಹಣ್ಣು ಮಾರುತ್ತ ವ್ಯಾಪಾರಸ್ಥರಿಂದ ಕಲಿತ ಹಿಂದಿ. ಎರಡೂ ಕುಂಟು. ಎರಡು ಕುಂಟು ಹಿಂದಿಗಳು ಹೆಗಲ ಮೇಲೆ ಕೈ ಹಾಕಿಕೊಂಡು ನಡೆದವು, ಒಂದು ದಿನವೂ ಎಡವಲಿಲ್ಲ. ಆಕೆ ಆಡಿದ್ದನ್ನು ನಾನಿಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸಿತ್ತು.

ನನ್ನ ಅಳಿಯ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಕಬ್ಬಿನ ಹಾಲು ಕುದ್ದು ಹರಳುಗಟ್ಟುವ ಹೊತ್ತನ್ನು ಕಾಯುವ ಕೆಲಸ. ಅದರಲ್ಲಿ ಅವನ ಕಣ್ಣು ಚುರುಕು ಎಂದು ಮೂರು ವರ್ಷದ ಕರಾರಿನ ಮೇಲೆ ಮಾರಿಷಸ್ಸಿನ ಒಂದು ಕಾರ್ಖಾನೆಯವರು ಕರೆಸಿಕೊಂಡರು. ಮಗಳೂ ಹೋದಳು. ಅಲ್ಲಿಯೇ ಬಸುರಾದಳು. ಬಾಣಂತನಕ್ಕೆ ಮಗಳು ಬರಲಾಗದಿದ್ದರೆ ತಾಯಿ ಹೋಗಬೇಕಲ್ಲ? ಹೋದೆ. ಅಲ್ಲಿಯವರೆಗೆ ಸೊಲ್ಲಾಪುರ ದಾಟದವಳು ಸಮುದ್ರ ದಾಟಿದೆ. ಪೆಟ್ಟಿಗೆಯಲ್ಲಿ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಅಂಟಿನ ಉಂಡಿಯ ಸಾಮಾನು, ಅಡಿಯಲ್ಲಿ ದೊಡ್ಡದೊಂದು ಬೆಲ್ಲದ ಪೆಂಟೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಸಾಹೇಬನೊಬ್ಬ ಪೆಂಟೆಯನ್ನು ಬಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ಊರ ತುಂಬ ಸಕ್ಕರೆ ಬೆಳೆಯುವ ದ್ವೀಪಕ್ಕೆ ಈ ಮುದುಕಿ ಬೆಲ್ಲ ಹೊತ್ತು ತಂದಿದ್ದಾಳೆಂದು ತಿಳಿದ ಮೇಲೆ ಇಬ್ಬರೂ ನಕ್ಕು ಕೈಮುಗಿದು ಬಿಟ್ಟರು.

ಹೆರಿಗೆಗೆ ಇನ್ನೂ ಎರಡು ವಾರವಿತ್ತು. ದಿನಾ ನಡೆಯಬೇಕೆಂದು ಡಾಕ್ಟರು ಮಗಳಿಗೆ ಹೇಳಿದ್ದರು. ಅವರ ಕ್ವಾರ್ಟರ್ಸಿನ ಹಿಂದೆಯೇ ಹಳೆಯ ಕಬ್ಬಿನ ತೋಟ. ನಡುವೆ ಬೆಳ್ಳಗೆ ಬಣ್ಣ ಬಳಿದ ದೊಡ್ಡ ಕಟ್ಟಿಗೆಯ ಮನೆ, ಸುತ್ತಲೂ ಕಂಬ ಕಂಬದ ಪಡಸಾಲೆ. ಅಂಥದಕ್ಕೆ ಅಲ್ಲಿ ಕ್ರಿಯೋಲ್ ಮನೆ ಎನ್ನುತ್ತಾರೆ. ಪಕ್ಕದಲ್ಲಿ ಕಲ್ಲು ಕಟ್ಟಡದ ಹಳೇ ಗಾಣ, ಆಕಾಶಕ್ಕೆ ಮುಟ್ಟುವ ಚಿಮಣಿ. ಈಗ ಅಲ್ಲಿ ಯಾರೂ ಇರುವುದಿಲ್ಲ, ಟಿಕೀಟು ತೆಗೆದು ನೋಡಿ ಬರುವುದು.

ನಾನು ಆ ಮನೆ ನೋಡಿ ಬಾಯಿ ತೆರೆದೆ. "ಇಂಥಾ ಮನ್ಯಾಗ ಒಂದಿನರ ಇರಬೇಕು ನೋಡವಾ!" ಎಂದು ಮಗಳಿಗೆ ಹೇಳಿದೆ. ಹಿಂದಿನಿಂದ ಟಕ್ ಟಕ್ ಎಂದು ಯಾರೋ ನೆಲ ಕುಟ್ಟಿದರು.

ಆಕೆಯೇ. ಬಂದವರಿಗೆ ಆ ಮನೆ, ಗಾಣ ತೋರಿಸಿ ಕತೆ ಹೇಳುವುದು ಆಕೆಯ ನೌಕರಿ. ನನಗಿಂತ ಒಂದು ಗೇಣು ಎತ್ತರ, ಎರಡು ಪಟ್ಟು ಅಗಲ. ಮಳೆ ಬಿದ್ದ ಮರುದಿನದ ನಮ್ಮ ಎರೆಹೊಲದ ಬಣ್ಣ, ಹಾಗೆ ಮಿಂಚುತ್ತಿದ್ದಳು. ತಲೆಯ ಮೇಲೆ ಹುಲ್ಲಿನ ಟೊಪ್ಪಿಗೆ, ಅದರ ಸುತ್ತ ಪ್ಲಾಸ್ಟಿಕ್ಕಿನ ಸೂರ್ಯಕಾಂತಿ ಹೂವು. ಕೈಯಲ್ಲಿ ಕರಿ ಛತ್ರಿ. ಆ ಛತ್ರಿಯನ್ನು ಆಕೆ ಎಂದೂ ಬಿಚ್ಚುತ್ತಿರಲಿಲ್ಲ. ಮಳೆ ಸುರಿದರೂ ನೆನೆಯುತ್ತಲೇ ನಿಂತು, ಮುಚ್ಚಿದ ಛತ್ರಿಯಿಂದ ಅದು ನೋಡಿ ಇದು ನೋಡಿ ಎಂದು ತೋರಿಸುವುದು.

"ಚಂದ ಐತಿ ಅನ್ನೂದನ್ನ ಇನ್ನೊಂದು ತಾಸು ಬಾಯಾಗ ಇಟ್ಕೋರಿ. ಎಲ್ಲಾ ನೋಡಿದ ಮ್ಯಾಲ ಅನಬೇಕು ಅನಸಿದ್ರ ಅನ್ರಿ."

ಇದು ಆಕೆಯ ಮೊದಲ ನಿಯಮ. ಎರಡನೆಯದು, ಮನೆ ನೋಡಲು ಬಂದವರು ಯಾರೇ ಇರಲಿ, ಹಿತ್ತಲ ಬಾಗಿಲಿನಿಂದಲೇ ಒಳಗೆ ಬರಬೇಕು. ಆ ದಿನ ಕ್ಯಾಮೆರಾ ಹಾಕಿಕೊಂಡ ದಪ್ಪನೆಯ ಮನುಷ್ಯನೊಬ್ಬ ಮುಂದಿನ ಮೆಟ್ಟಿಲು ಹತ್ತಲು ಹೊರಟ. ಛತ್ರಿ ಅಡ್ಡ ಬಂತು.

"ನಮ್ಮ ಹಿರ್ಯಾರನ್ನ ಹಡಗದಾಗ ತುಂಬ್ಕೊಂಡು ತಂದು ಈ ತೋಟಕ್ಕ ಮಾರಿದ್ರು. ಈ ಮನಿ ಕಟ್ಟಿದವ್ರು ಅವ್ರ, ನೆಲ ತಿಕ್ಕಿದವ್ರು ಅವ್ರ. ಒಳಗ ಬರೂದು ಮಾತ್ರ ಹಿಂದಿನ ಬಾಗಲದಾಗಿಂದ. ಇವತ್ತೊಂದಿನ ನೀವೂ ಹಂಗ ಬರ್ರಿ. ಹೋಗೂಮುಂದ ಮುಂದಿನ ಬಾಗಲಾ ತೆರೀತೇನಿ."

ಎಲ್ಲರೂ ಹಿತ್ತಲಿಗೆ ಹೋದರು, ಒಳಗೂ ಹೊಕ್ಕರು. ನಾನು ಮಾತ್ರ ಹೊರಗೆ ನಿಂತಿದ್ದೆ. ಚಪ್ಪಲಿ ತೆಗೆದು ಬದಿಗಿಟ್ಟು, ಸೆರಗು ಹೊದ್ದು, ಯಾರಾದರೂ "ಬಾ" ಎನ್ನಲಿ ಎಂದು ತಲೆ ತಗ್ಗಿಸಿ ನಿಂತಿದ್ದೆ. ಹಾಗೆ ನಿಂತದ್ದು ನನಗೇ ತಿಳಿದಿರಲಿಲ್ಲ. ಅಭ್ಯಾಸ. ಆಕೆ ತಿರುಗಿ ನೋಡಿದಳು. ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಒಳಗೆ ಧಣಿಯ ಕುರ್ಚಿಯೊಂದಿತ್ತು. ಅದರ ಸುತ್ತ ಹಗ್ಗ, ಮೇಲೆ ಕೂರಬಾರದೆಂಬ ಬೋರ್ಡು. ಆಕೆ ನನ್ನ ಮಗಳ ಹೊಟ್ಟೆ ನೋಡಿದಳು, ಕುರ್ಚಿ ನೋಡಿದಳು, ಹಗ್ಗ ಬಿಚ್ಚಿದಳು. "ದಿನ ತುಂಬಿದ ಬಸುರಿ ನಿಂತು ಕತಿ ಕೇಳೂದಲ್ಲ. ಕೂಡವಾ." ತೆಳ್ಳನೆಯ ಮ್ಯಾನೇಜರು ಓಡಿ ಬಂದ. ಅದು ಎಷ್ಟು ಹಳೆಯ ಕುರ್ಚಿ, ಮುರಿದರೆ ಯಾರು ಹೊಣೆ ಎಂದು ತಮ್ಮ ಭಾಷೆಯಲ್ಲಿ ಬಡಬಡಿಸಿದ. ಆಕೆ ಅವನ ಹೆಗಲಿನ ದೂಳು ಕೊಡವಿ ಕಳಿಸಿದಳು. ಆಮೇಲೆ ನಮಗೆ ಹೇಳಿದಳು: "ಅಂವ ದಿನಾ ನನಗ ಬೈತಾನ. ನಾ ದಿನಾ ಅವಗ ಚಹಾ ಕುಡಸ್ತೇನಿ. ಯಾರು ಸೋಲ್ತಾರ ನೋಡೂಣು ಅಂತ ನಡದೈತಿ."

ಹಳೇ ಗಾಣದ ಮನೆಗೆ ಬಂದಾಗ ನನಗೆ ಊರಿಗೇ ಬಂದ ಹಾಗಾಯಿತು. ಸಾಲಾಗಿ ಕೊಪ್ಪರಿಗೆಗಳು, ದೊಡ್ಡದು, ಅದಕ್ಕಿಂತ ಸಣ್ಣದು, ಕಡೆಗೆ ಎಲ್ಲಕ್ಕೂ ಸಣ್ಣದು, ಕೆಳಗೆ ಒಲೆಯ ಬಾಯಿ. ನಾನು ಹುಡುಗಿಯಾಗಿದ್ದಾಗ ಗಾಣದ ಒಲೆಗೆ ಸಿಪ್ಪೆ ಒಟ್ಟುತ್ತ ಬೆಳೆದವಳು. "ಪಾಕ ಬಂದದ್ದು ಧಣಿಗೆ ತಿಳೀತಿರಲಿಲ್ಲ" ಎಂದು ಆಕೆ ಹೇಳುತ್ತಿದ್ದಳು, "ಅದು ತಿಳಿದಾವ ಗುಲಾಮ. ಅವನ ಎರಡು ಬೊಟ್ಟಿನ ಮ್ಯಾಲ ಇಡೀ ತೋಟ ನಿಂತಿತ್ತು." ಹೆಬ್ಬೆರಳು ತೋರುಬೆರಳು ಕೂಡಿಸಿ, ಮೆಲ್ಲಗೆ ಬಿಡಿಸಿ, ನಡುವೆ ಎಳೆ ಬಂತೋ ಇಲ್ಲವೋ ಎಂದು ನೋಡುವಂತೆ ಮಾಡಿದಳು. ಅದೇ ಹೊತ್ತಿಗೆ ನನ್ನ ಬೆರಳುಗಳೂ ಹಾಗೇ ಬಿಡಿಸಿಕೊಂಡಿದ್ದವು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿದೆವು. ಆಕೆ ಗಹಗಹಿಸಿ ನಕ್ಕಳು.

"ಬೊಟ್ಟಿಗೆ ಹತ್ತಿದ್ದು ನಂಬಬಾರದು. ತಣ್ಣೀರಾಗ ಒಂದ ಹನಿ ಬಿಡಬೇಕು. ಉಂಡಿ ಕಟ್ಟಿದ್ರ ಪಾಕ ಆತು" ಎಂದೆ.

"ಹೌದಾ? ತಡಿ, ನಾಳಿಂದ ಇದನ್ನೂ ಹೇಳ್ತೇನಿ" ಎಂದಳು. ಆಮೇಲೆ ಪ್ರತಿ ಸಲ ಹೇಳುತ್ತಿದ್ದಳಂತೆ, "ತಾಂಬಾ ಎಂಬ ಊರಿನ ತಜ್ಞರು ತಿಳಿಸಿದಂತೆ" ಎಂದು. ಇಡೀ ಜನ್ಮದಲ್ಲಿ ನನ್ನನ್ನು ತಜ್ಞರು ಎಂದವಳು ಆಕೆಯೊಬ್ಬಳೇ.

ಗಾಣದ ಉರುಳೆಗಳ ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿದ್ದರು. ಕಬ್ಬು ತಳ್ಳುವವರ ಕೈ ಸಿಕ್ಕಿಬಿದ್ದರೆ ಗಾಣ ನಿಲ್ಲಿಸುವ ಬದಲು ಕೈಯನ್ನೇ ಕಡಿಯಲು. ಅದನ್ನು ಹೇಳುವಾಗ ಆಕೆ ನಗಲಿಲ್ಲ. ಗೋಡೆಯ ಮೇಲೆ ಹೆಸರುಗಳನ್ನು ಬರೆದಿದ್ದರು, ಎಲ್ಲವನ್ನೂ ಆಕೆ ನಿಂತು ಜೋರಾಗಿ ಓದಿದಳು. ಕೇಳುವವರು ಐವತ್ತು ಜನ ಇರಲಿ, ಒಬ್ಬರೇ ಇರಲಿ, ಓದುವುದು ಓದುವುದೇ. ಗುರುವಾರ, ಫೆಬ್ರುವರಿ, ಹೀಗೆಲ್ಲ ಹೆಸರು. ಆಕೆಯ ಹಿರಿಯಳೊಬ್ಬಳ ಹೆಸರೂ ಗುರುವಾರ.

"ನಮ್ಮ ಕಡೆನೂ ಸೋಮವ್ವ, ಮಂಗಳವ್ವ ಅಂತ ಇಡ್ತೇವಲ್ಲ" ಎಂದು ನಾನು ಸಮಾಧಾನ ಮಾಡಲು ಹೋದೆ.

"ನಿಮ್ಮಲ್ಲಿ ಇಟ್ಟಾಕಿ ಅವ್ವ. ನಮ್ಮಲ್ಲಿ ಇಟ್ಟಾವ ಕೊಂಡಾವ. ಅವ್ರ ಅವ್ವ ಕರದ ಹೆಸರು ಹಡಗದಾಗ ಮುಳಗಿ ಹೋತು."

ಆ ಮಾತು ನನಗೂ ಚುಚ್ಚಿತು. ಅದಕ್ಕೆ ಒಂದು ಕಾರಣವಿತ್ತು, ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಮೇಲೆ ನೋಡಿದೆ. ದಪ್ಪನೆಯ ತೊಲೆ. ತೊಲೆಗೆ ಬಡಿದ ದುಂಡನೆಯ ಕಬ್ಬಿಣದ ಕೊಂಡಿ. ನಮ್ಮ ಕಡೆ ತೊಲೆಯಲ್ಲಿ ಕೊಂಡಿ ಇದ್ದರೆ ಅದು ಒಂದೇ ಒಂದಕ್ಕೆ. "ಅಯ್ಯ ನೋಡ ಇಲ್ಲೆ, ತೊಟ್ಲದ ಕೊಂಡಿ! ಯಾರ ಕೂಸಿಂದ ಇದು?" ಎಂದು ಚಪ್ಪಾಳೆ ತಟ್ಟಿ ನಕ್ಕೆ. ಮೈಯೆಲ್ಲ ಮೊಮ್ಮಗುವಿನ ಕನಸು ತುಂಬಿಕೊಂಡವಳು ನಾನು, ಬೇರೆ ಏನು ಕಂಡೀತು?

ಛತ್ರಿ ನೆಲಕ್ಕೆ ಊರಿತು. "ಇಲ್ಲೆ ಕೂಸು ತೂಗಿಲ್ಲ ಯಕ್ಕಾ. ಎರಡೂ ಕೈ ಕೂಡಿಸಿ ಆ ಕೊಂಡಿಗೆ ಕಟ್ಟತಿದ್ರು. ಕಾಲಿನ ತುದಿಬೊಟ್ಟು ಅಷ್ಟ ನೆಲಕ್ಕ ತಾಗಬೇಕು. ಆಮ್ಯಾಲ ಬೆನ್ನಿಗೆ ಬಾರಕೋಲು."

ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಕೈ ಮುಗಿದೆ, ತಪ್ಪಾಯಿತೆಂದೆ. "ಇಷ್ಟು ವರ್ಷದಾಗ ಇದನ್ನ ನೋಡಿ ತೊಟ್ಲಾ ಅಂದಾಕಿ ನೀ ಒಬ್ಬಾಕಿನ" ಎಂದಳು. ಸಿಟ್ಟೋ ಮೆಚ್ಚುಗೆಯೋ ತಿಳಿಯಲಿಲ್ಲ. ಕಡೆಗೆ ದೊಡ್ಡ ಮನೆಗೆ ತಿರುಗಿ ಬಂದು ಮುಂದಿನ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಬಿಟ್ಟಳು. ತಾನು ಮಾತ್ರ ಹಿತ್ತಲಿನಿಂದ ಸುತ್ತು ಹಾಕಿ ಬಂದಳು. ಯಾಕೆಂದು ಕೇಳಿದ್ದಕ್ಕೆ, "ನನ್ನ ಕೆಲಸ ಇನ್ನೂ ಮುಗದಿಲ್ಲ" ಎಂದಳು.

ಆಮೇಲೆ ಗೌರಿ ಹುಟ್ಟಿದಳು! ಏನು ಹೇಳಲಿ ಆ ದಿನದ ಸುದ್ದಿ. ಆಸ್ಪತ್ರೆಯ ನರ್ಸುಗಳಿಗೆಲ್ಲ ಬೆಲ್ಲ ತಿನ್ನಿಸಿದೆ. ಮೂರನೆಯ ದಿನ ಆಕೆ ಮನೆಗೆ ಬಂದಳು, ಸೂರ್ಯಕಾಂತಿ ಟೊಪ್ಪಿಗೆಯ ಸಮೇತ. ಕೂಸಿನ ಮುಂದೆ ಪಾದ ನೆಲ ಬಿಡದ ಹಾಗೆ ಜಾರಿಸುತ್ತ ಕುಣಿದಳು. ಬಾಣಂತಿಗೆಂದು ಮಾಡಿದ ಅಂಟಿನ ಉಂಡಿ ನಾಲ್ಕು ತಿಂದಳು. "ಹಡದಾಕಿ ನೀನೋ ನನ್ನ ಮಗಳೋ?" ಎಂದೆ. "ಇನ್ನೊಂದು ಕೊಟ್ರ ನಾನೂ ಹಡೀತೇನಿ" ಎಂದಳು. ದಿನಾ ಬರತೊಡಗಿದಳು.

ನನಗೊಂದು ಚಿಂತೆ ಹತ್ತಿತ್ತು. ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು, ಕೊಲ್ಹಾರದವಳಿಗೆ ಬರಲಾಗುವುದಿಲ್ಲ. ತೊಟ್ಟಿಲು ಕಟ್ಟಲು ತೊಲೆ ಬೇಕು, ಕ್ವಾರ್ಟರ್ಸಿನದು ನುಣ್ಣನೆಯ ಸಿಮೆಂಟಿನ ಮಾಳಿಗೆ. ಇದನ್ನು ಆಕೆಗೆ ಹೇಳಿಕೊಂಡೆ.

"ಅತ್ತಿ ನಾ ಆಗ್ತೇನಿ" ಎಂದಳು. ನನಗೆ ಕುಣಿಯುವ ಹಾಗಾಯಿತು. ಆದರೆ ಆಕೆ ಮುಂದುವರಿಸಿದಳು. "ತೊಟ್ಲಾ ಗಾಣದ ಮನ್ಯಾಗ ಕಟ್ಟೂಣು. ಆ ಕೊಂಡಿಗೆ."

ನಾನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ. ಹದಿಮೂರು ದಿನದ ಹಸುಗೂಸು. ಜನ ನರಳಿದ, ರಕ್ತ ಸೋರಿದ ಕೊಂಡಿ. "ಬ್ಯಾಡ. ಶುಭಕಾರ್ಯಕ್ಕ ಅದು ಬ್ಯಾಡ. ಅಪಶಕುನ" ಎಂದುಬಿಟ್ಟೆ. ಆಕೆಯ ಮುಖ ಮುಚ್ಚಿದ ಬಾಗಿಲಾಯಿತು. "ನಿನ್ನ ಕೂಸು, ನಿನ್ನ ಮಾತು" ಎಂದು ಎದ್ದಳು. ಉಂಡಿ ಮುಟ್ಟಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾಲ್ಕು ದಿನ ನಮ್ಮ ಬಾಗಿಲಲ್ಲಿ ಛತ್ರಿಯ ಸಪ್ಪಳವಿಲ್ಲ.

"ಏನಂದಿ ಅವ್ವಾ ಅಕಿಗೆ?" ಎಂದು ಮಗಳು ಕೇಳಿದಳು. ಹೇಳಿದೆ. "ಅಕಿ ಅಷ್ಟು ಪ್ರೀತಿಲೆ ಕರದ್ಲು, ನೀ ಅಪಶಕುನ ಅಂದಿ" ಎಂದು ಮಗಳು ಮುಖ ತಿರುಗಿಸಿದಳು.

ಆಗ ಅವಳಿಗೆ ಎಂದೂ ಹೇಳದ್ದನ್ನು ಹೇಳಿದೆ. "ನಿಮ್ಮಜ್ಜ ಒಕ್ಕಲುತನ ಮಾಡ್ತಿದ್ದ" ಎಂದಷ್ಟೇ ಅವಳಿಗೆ ಗೊತ್ತಿತ್ತು. ನಿಜ ಬೇರೆ. ನನ್ನಪ್ಪ ಸಿಂದಗಿ ಕಡೆಯ ಒಂದು ಊರಿನ ವಾಡೆಯಲ್ಲಿ ಜೀತಕ್ಕಿದ್ದ. ಅಪ್ಪ, ಅವ್ವ, ನಾನು ಆ ದೊಡ್ಡ ಮನೆಯ ದನದ ಮನೆಯಲ್ಲಿ ಮಲಗುತ್ತಿದ್ದೆವು. ಹಿತ್ತಲ ಬಾಗಿಲಲ್ಲಿ ನಿಂತು, "ಬಾ" ಎಂದರೆ ಒಳಗೆ ಹೋಗುವುದು. ನಾನು ಹುಟ್ಟಿದಾಗ ಅವ್ವ ನನಗೆ ಗೌರಿ ಎಂದು ಹೆಸರಿಡಲು ಹೊರಟಿದ್ದಳಂತೆ. ವಾಡೆಯಲ್ಲಿ ಆ ಹೆಸರಿನ ಮಗಳಿದ್ದಳು. "ನಮ್ಮ ಹುಡಿಗಿನ್ನ ಕರದ್ರ ನಿಮ್ಮದು ಓಡಿ ಬರಬೇಕೇನು?" ಎಂದು ಯಜಮಾನಿ ಗದರಿ, ನನ್ನ ಬಣ್ಣ ನೋಡಿ ಕರೆವ್ವ ಎಂದಳು. ಅದೇ ನಿಂತಿತು. ಒಮ್ಮೆ ಎತ್ತು ಹಗ್ಗ ಹರಿದುಕೊಂಡು ಜೋಳದ ಹೊಲ ಹೊಕ್ಕಿತೆಂದು ಅಪ್ಪನನ್ನು ಒಂದು ಹಗಲೆಲ್ಲ ದನದ ಮನೆಯ ಕಂಬಕ್ಕೆ ಕಟ್ಟಿ ಹಾಕಿದ್ದರು. ಅವ್ವ ನನ್ನನ್ನು ತೂಗಲು ಸೀರೆಯ ಜೋಲಿ ಕಟ್ಟುತ್ತಿದ್ದುದೂ ಅದೇ ಕಂಬಕ್ಕೆ. ಬೇರೆ ಕಂಬ ಎಲ್ಲಿತ್ತು?

ಮಗಳು ಕೂಸಿಗೆ ಹಾಲೂಡಿಸುತ್ತಲೇ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಂದ್ರ ನೀ ಆ ಕಂಬಕ್ಕ ತೂಗಿ ದೊಡ್ಡಾಕಿ ಆದಿ. ನಿನಗೇನಾತು ಅವ್ವಾ?"

"ಏನಾತು? ಸಕ್ಕರಿ ಬ್ಯಾನಿ ಆತು."

"ಅದಕ್ಕ ಕಂಬ ಕಾರಣಲ್ಲ, ನೀ ತಿನ್ನೂ ಹೋಳಿಗಿ ಕಾರಣ!"

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು, ಅಳುತ್ತ ಅಳುತ್ತ ಚಪ್ಪಲಿ ಮೆಟ್ಟಿದೆ.

ಆಕೆಯ ಮನೆ ತೋಟದ ಆಚೆ. ತಗಡಿನ ಮಾಡು, ಮುಂದೆ ಮೆಣಸಿನ ಗಿಡ. ನಾನು ಎಲ್ಲವನ್ನೂ ಹೇಳಿದೆ, ಅಪ್ಪ, ಕಂಬ, ಕಸಿದುಕೊಂಡ ಹೆಸರು. ಆಕೆ ಸೌಟು ಹಿಡಿದು ನಿಂತೇ ಕೇಳಿದಳು. "ಅದಕ್ಕ ಅವತ್ತ ಹಿಂದಿನ ಬಾಗಲದಾಗ ಹಂಗ ನಿಂತಿದ್ದಿ" ಎಂದಳು.

"ಆ ಕೊಂಡಿನ ಯಾಕ ಬೇಕು ನಿನಗ?" ಎಂದು ಆಗ ಮೊದಲ ಸಲ ಕೇಳಿದೆ. ಮೊದಲೇ ಕೇಳಬೇಕಿತ್ತು.

"ಆ ಕೊಂಡಿಗೆ ಒಂದ ಕೆಲಸ ಗೊತ್ತೈತಿ ಯಕ್ಕಾ. ನಾ ದಿನಾ ಅದರ ಕೆಳಗ ನಿಂತು ಅದನ್ನ ಹೇಳ್ತೇನಿ. ನೀ ಅವತ್ತ ತೊಟ್ಲಾ ಅಂದಿ. ರಾತ್ರೆಲ್ಲಾ ನಿದ್ದಿ ಬರಲಿಲ್ಲ ನನಗ. ಅದಕ್ಕ ಇನ್ನೊಂದು ಕೆಲಸ ಕಲಸೂಣು ಅಂತ."

ಹದಿಮೂರನೇ ದಿನ, ಬೆಳಿಗ್ಗೆ, ಜನ ಬರುವ ಮೊದಲು ಮ್ಯಾನೇಜರು ಒಂದು ತಾಸು ಬಿಟ್ಟುಕೊಟ್ಟ. ಚಹಾದ ಋಣ. ನನ್ನ ಹಳೇ ಇಳಕಲ್ಲ ಸೀರೆಯನ್ನು ಅಳಿಯ ಏಣಿ ಹತ್ತಿ ಆ ಕೊಂಡಿಗೆ ಕಟ್ಟಿದ. ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕಿ ತೂಗುವುದು ಪದ್ಧತಿ. ಆಕೆ ಸಮುದ್ರದ ದಂಡೆಯಿಂದ ದುಂಡನೆಯ ಕರಿ ಕಲ್ಲೊಂದನ್ನು ಆರಿಸಿ ತಂದಿದ್ದಳು. ತೂಗಿದೆವು. ಕೊಂಡಿ ಕಿರ್ ಎಂದಿತು, ನನ್ನ ಎದೆಯೂ ಕಿರ್ ಎಂದಿತು. ಆಮೇಲೆ ಗೌರಿಯನ್ನು ಮಲಗಿಸಿದೆವು. ಕಣ್ಣು ಬಿಟ್ಟು ಮೇಲಿನ ತೊಲೆ ನೋಡಿ ಆಕಳಿಸಿತು ಕೂಸು, ಆಕಳಿಸಿ ನಿದ್ದೆ ಹೋಯಿತು.

ಆಕೆ ಟೊಪ್ಪಿಗೆ ತೆಗೆದಿಟ್ಟು ಬಾಗಿದಳು. ನಾನು ಕಲಿಸಿದ ಹಾಗೆ ಕಿವಿಯಲ್ಲಿ "ಕುರ್‍ರ್, ಗೌರೀ" ಎಂದಳು. ಅಷ್ಟಾಯಿತು ನೋಡಿ, ನನ್ನ ಕೈ ತಾನೇ ಎದ್ದಿತು. ಅತ್ತೆ ಹೆಸರು ಹೇಳಿದ ಕೂಡಲೇ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ನಮ್ಮ ಕಡೆ ಹುಟ್ಟಿದ ಯಾವ ಹೆಣ್ಣಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಿಲ್ಲವಾದ್ದರಿಂದ ನಾನು ಆಕೆಗೂ ಹೇಳಿರಲಿಲ್ಲ! ಮೈಯೊಳಗಿನ ಆನಂದವನ್ನೆಲ್ಲ ಮುಷ್ಟಿಯಲ್ಲಿ ಕೂಡಿಸಿ ಗುದ್ದಿದೆ. ದಬ್ ಎಂದಿತು.

ಅಲ್ಲಿ ಕೆಲಸ ಮಾಡುವ ಮೂವರು ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು. ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದ. ಮ್ಯಾನೇಜರು ಸುಣ್ಣದ ಗೋಡೆಯಾದ. ಆಗ ನನಗೆ ಹೊಳೆಯಿತು, ಎಲ್ಲಿ ನಿಂತು ಯಾರ ಬೆನ್ನಿಗೆ ಹೊಡೆದೆನೆಂದು. ಅದೇ ಕೊಂಡಿಯ ಕೆಳಗೆ. ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಏನೋ ತೊದಲಿದಳು. ಆಕೆ ಬಾಗಿದವಳು ಬಾಗಿಯೇ ಇದ್ದಳು. ಮೆಲ್ಲಗೆ ತಿರುಗಿದಳು.

"ಇದು ಪದ್ಧತಿನಾ ಯಕ್ಕಾ?"

"ಹೌದ. ಅತ್ತಿಗೆ ಗುದ್ದಬೇಕು. ಗುದ್ದದಿದ್ರ ಹೆಸರು ಕೂಡೂದಿಲ್ಲ ಅಂತಾರ."

ಆಕೆ ಮೇಲೆ ಕೊಂಡಿಯನ್ನು ನೋಡಿದಳು. ತೂಗುತ್ತಿದ್ದ ಸೀರೆ ನೋಡಿದಳು. ನನ್ನ ಮುಷ್ಟಿ ನೋಡಿದಳು. "ಈ ಮನ್ಯಾಗ ಬೆನ್ನಿಗೆ ಹೊಡದು ಹೆಸರು ಕಸಗೊಂಡಾರ. ಹೊಡದು ಹೆಸರು ಕೊಟ್ಟದ್ದು ಇದ ಮೊದಲು" ಎಂದಳು. ಎಂದವಳೇ ನಕ್ಕಳು. ಏನು ನಗು ಅದು! ಹೊಟ್ಟೆ ಹಿಡಿದುಕೊಂಡು, ಕೊಪ್ಪರಿಗೆಯ ಕಂಠಕ್ಕೆ ಆತುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು. "ಹಂಗಾದ್ರ ಒಂದ ಸಾಲೂದಿಲ್ಲ. ಬರ್ರಿ, ಎಲ್ಲಾರೂ ಗುದ್ದ್ರಿ, ಹೆಸರು ಗಟ್ಟಿ ಆಗ್ಲಿ!" ಹುಡುಗಿಯರು ಅಂಜುತ್ತ ಅಂಜುತ್ತ ಗುದ್ದಿದರು. ಕಾವಲುಗಾರ ಗುದ್ದಿದ. ಮ್ಯಾನೇಜರು ಎರಡು ಬೆರಳಿನಿಂದ ಮುಟ್ಟಿ ಕ್ಷಮೆ ಕೇಳಿದ. "ಆಯಿ ಬೆನ್ನಿಗೆ ಯಾರು ಗುದ್ದಬೇಕು?" ಎಂದು ಕೇಳಿ, ಉತ್ತರ ಕಾಯದೆ ಆಕೆ ಅಜ್ಜಿಯಾದ ನನಗೂ ಒಂದು ಬಿಟ್ಟಳು. ಎರಡು ದಿನ ನನಗೆ ಮಗ್ಗುಲು ಬದಲಿಸಲಾಗಲಿಲ್ಲ. ಗುಗ್ಗರಿ ಹಂಚಿದೆವು, ತಜ್ಞರ ಬೆಲ್ಲ ಹಂಚಿದೆವು. ಇಷ್ಟೆಲ್ಲ ಗದ್ದಲದಲ್ಲಿ ಗೌರಿಗೆ ಎಚ್ಚರವೇ ಆಗಲಿಲ್ಲ.

ಸೀರೆಯ ಒಂದು ಚೂರನ್ನು ಕೊಂಡಿಗೇ ಬಿಡು ಎಂದು ಆಕೆ ಕೇಳಿಕೊಂಡಳು. ಬಿಟ್ಟು ಬಂದೆ.

ಹೋದ ಭಾನುವಾರ ಆಕೆಯ ಕಡೇ ದಿನ. ಅಲ್ಲಿಯ ಹುಡುಗಿಯೊಬ್ಬಳು ತೆಗೆದ ವಿಡಿಯೊ ಮಗಳ ಫೋನಿಗೆ ಬಂತು, ಅವಳು ನನ್ನ ಫೋನಿಗೆ ಕಳಿಸಿದಳು. ಸೂಟಿಗೆ ಬಂದ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದೆ. ಟೊಪ್ಪಿಗೆಯ ಹೂವು ಬಣ್ಣ ಕಳೆದುಕೊಂಡಿದೆ. ಕೊಂಡಿಯ ಕೆಳಗೆ ನಿಂತು ಮೊದಲು ಅದರ ಹಳೆಯ ಕೆಲಸ ಹೇಳಿದಳು, ಒಂದು ಮಾತೂ ಬಿಡದೆ. ಆಮೇಲೆ ಛತ್ರಿಯಿಂದ ನನ್ನ ಇಳಕಲ್ಲ ಚೂರು ತೋರಿಸಿ ಹೊಸ ಕೆಲಸ ಹೇಳಿದಳು. ಹೇಳಿ, ಬಂದ ಜನಕ್ಕೆ ಬೆನ್ನು ಕೊಟ್ಟು ನಿಂತಳು. ಯಾರೂ ಮುಂದೆ ಬರಲಿಲ್ಲ. ಕಡೆಗೆ ಬಿಳಿಗೂದಲಿನ ಒಬ್ಬ ಮುದುಕಿ ಬಂದು ಗುದ್ದಿದಳು.

"ಆಯೀ, ಅಕಿ ನನ್ನ ಅತ್ತಿ! ಅವ್ರ್ಯಾಕ ಗುದ್ದಾಕತ್ತಾರ?" ಎಂದು ಗೌರಿ ಸಿಟ್ಟಿಗೆದ್ದಳು.

ಕಡೆಗೆ ದೊಡ್ಡ ಮನೆಯ ಮುಂದಿನ ಬಾಗಿಲು ತೆರೆಯಿತು. ಜನ ಹೊರಗೆ ಬಂದರು. ಅವರ ಹಿಂದೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಆಕೆಯೂ ಅದೇ ಬಾಗಿಲಿನಿಂದ ಬಂದಳು. ಮೆಟ್ಟಿಲ ಮೇಲೆ ನಿಂತು ಆ ಕರಿ ಛತ್ರಿಯನ್ನು ಬಿಚ್ಚಿದಳು. ಮಳೆಯಿರಲಿಲ್ಲ. ಸುಮ್ಮನೆ ಬಿಚ್ಚಿ ಒಂದು ಸಲ ಗರ ಗರ ತಿರುಗಿಸಿದಳು.

ಹಿಂದೆಯೇ ಆಕೆ ಮಾತಾಡಿ ಕಳಿಸಿದ ದನಿ ಫೋನಿಗೆ ಬಂತು. ಕೆಲಸ ಮುಗಿಯಿತು, ಸುಗ್ಗಿಯ ಹೊತ್ತಿಗೆ ಬರುತ್ತೇನೆ, ಟಿಕೀಟು ತೆಗೆದಾಯಿತು ಎಂದು. ಕೊಲ್ಹಾರದವಳಿಗೆ ಫೋನು ಮಾಡಿ ಹೇಳಿದೆ. ಆರು ವರ್ಷದಿಂದ ಮುನಿಸಿಕೊಂಡವಳು ಅವಳು, ತನ್ನ ಹಕ್ಕು ಯಾರೋ ಕಸಿದುಕೊಂಡರೆಂದು. "ಬರಲಿ ಬರಲಿ. ಅಕಿ ಬೆನ್ನಿಗೆ ನಂದೂ ಒಂದು ಬಾಕಿ ಐತಿ" ಎಂದಳು. ಎದುರು ಮನೆಯವಳು ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡು, ಬಂದವರಿಗೆ ರೊಟ್ಟಿ ತಾನು ಬಡಿಯುತ್ತೇನೆಂದಳು.

ಆ ದನಿಯ ಕಡೆಯಲ್ಲಿ ಆಕೆ ಒಂದು ಮಾತು ಕೇಳಿದ್ದಳು. "ಯಕ್ಕಾ, ನಿನ್ನ ಮನಿಗೆ ಯಾವ ಬಾಗಲದಾಗಿಂದ ಬರಲಿ?"

ನಾನು ಗುಂಡಿ ಒತ್ತಿ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ: "ನಮ್ಮ ಮನಿಗೆ ಇರೂದ ಒಂದ ಬಾಗಲಾ. ಬಾ."

ಈಗ ಆ ಬಾಗಿಲಿಗೆ ಹಸಿರು ಬಣ್ಣ ಹಚ್ಚುತ್ತಿದ್ದೇನೆ. ಕೆಳಗಿನ ಅರ್ಧ ಗೌರಿಯದು, ಮೇಲಿನ ಅರ್ಧ ನನ್ನದು.